ಬಿಷ್ಕೆಕ್ಕಿನಲ್ಲಿ ಬಿಟ್ಟ ಬೂಟು

ಬಿಷ್ಕೆಕ್: ಇಳಿದ ದಿನ

ಬಿಷ್ಕೆಕ್ಕಿನಲ್ಲಿ ನಾನು ಮೊದಲು ಕಂಡದ್ದು ಗಾಳಿಯಲ್ಲಿ ತೇಲುವ ಅರಳೆ. ರಸ್ತೆಯ ಎರಡೂ ಬದಿಗೆ ಎತ್ತರದ ಮರಗಳು, ಪೋಪ್ಲರ್ ಅಂತೆ. ಬಿಸಿಲು ಬಲಿತ ಕೂಡಲೇ ಅವುಗಳ ಕಾಯಿ ಒಡೆದು ಬಿಳಿ ಎಳೆಗಳು ಊರೆಲ್ಲ ಹಾರಾಡುತ್ತವೆ. ಬೀಳುವುದಕ್ಕೆ ಅವುಗಳಿಗೆ ಅವಸರವಿಲ್ಲ. ಮುದುಕನೊಬ್ಬನ ಬಿಳಿ ಟೋಪಿಯ ಮೇಲೆ ಒಂದು ಕೂತಿತ್ತು, ಪೊಲೀಸನ ಹೆಗಲ ಮೇಲೆ ಇನ್ನೊಂದು. ನಮ್ಮ ಟ್ಯಾಕ್ಸಿಯೊಳಗೂ ಒಂದು ಬಂದು, ನನ್ನ ಮಡಿಲಿಗೆ ಇಳಿದು, ಏನೋ ನೆನಪಾದಂತೆ ಮತ್ತೆ ಕಿಟಕಿಯಿಂದ ಹೊರಗೆ ಹೋಯಿತು. ಇನ್ನೊಂದನ್ನು ಹಿಡಿದು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು ನೋಡಿದೆ. ಕೈಗೆ ಬಂದ ರೂಢಿ. ಉದ್ದವಿಲ್ಲ, ಕಸುವಿಲ್ಲ, ವ್ಯಾಪಾರಕ್ಕೆ ಬಾರದು. ಆದರೂ ಬಿಡಲು ಮನಸ್ಸಾಗದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ನಾನು ಕೊಪ್ಪಳದ ಮಗ್ಗುಲಿನ ಭಾಗ್ಯನಗರದವಳು. ನನ್ನದು ಕೂದಲಿನ ವ್ಯಾಪಾರ. ಬಾಚಣಿಗೆಗೆ ಬಂದ ಕೂದಲನ್ನು ಹೆಂಗಸರು ಉಂಡೆ ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸುತ್ತಾರಲ್ಲ, ಅದೇ. ಹಿಂದೆ ಬುಟ್ಟಿ ಹೊತ್ತು ಯಲಬುರ್ಗಾದ ಓಣಿ ಓಣಿ ತಿರುಗಿ, ಸ್ಟೀಲಿನ ಬಟ್ಟಲು ಕೊಟ್ಟು ಅದನ್ನು ಕೊಳ್ಳುತ್ತಿದ್ದೆ. ಈಗ ನನ್ನ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಗಂಟು ಬಿಡಿಸುತ್ತಾರೆ. ನಾನು ಎಳೆ ಅಳೆದು, ತೂಗಿ, ಹೊರದೇಶದವರಿಗೂ ಮಾರುತ್ತೇನೆ. ಬಿಷ್ಕೆಕ್ಕಿನಲ್ಲಿ ವಿಗ್ ಅಂಗಡಿ ಇಟ್ಟಿರುವ ಗುಲ್ಮೀರಾ ನನ್ನ ಹಳೆಯ ಗಿರಾಕಿ. ಸರಕು ಕೊಳ್ಳಲು ದಿಲ್ಲಿಗೆ ಬಂದು ಬಂದು ಹಿಂದಿ ಕಲಿತವಳು. ನನ್ನ ಹಿಂದಿಯೂ ಸಂತೆಯದೇ ಆದ್ದರಿಂದ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತದೆ.

ಆದರೆ ನಾನು ಅಷ್ಟು ದೂರ ಹೋದದ್ದು ಕೂದಲಿಗಾಗಿ ಅಲ್ಲ, ಅಕ್ಕನ ಮಗಳು ನೀಲಾಳಿಗಾಗಿ.

ನೀಲಾ ಕುಸ್ತಿ ಆಡುವವಳು. ಕುಷ್ಟಗಿಯ ಗರಡಿ ಮನೆಯ ಕೆಂಪು ಮಣ್ಣಿನಲ್ಲಿ ಶುರುಮಾಡಿ, ದೇಶದ ಹೆಸರಿನ ಅಂಗಿ ತೊಟ್ಟು ಊರೂರು ಆಡಿದವಳು. ಹಿಂದಿನ ದೊಡ್ಡ ಕೂಟದಲ್ಲಿ ಪದಕ ಕೈಗೆ ಸಿಕ್ಕೇಬಿಟ್ಟಿತು ಅನ್ನುವಾಗ ಸೋತು ಬಂದಳು. ಪೇಪರಿನವರು ಸೋತ ದಿನದ ಸುದ್ದಿ ಬರೆದು ಮುಗಿಸುತ್ತಾರೆ. ಆಮೇಲಿನದನ್ನು ಮನೆಯವರು ನೋಡಬೇಕು. ಮುಂಜಾನೆ ಐದಕ್ಕೆ ರೂಢಿಯಂತೆ ಆ ಹುಡುಗಿಗೆ ಎಚ್ಚರವಾಗುತ್ತಿತ್ತು. ಎದ್ದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮಾಳಿಗೆಯ ಮೇಲೆ ಸುಮ್ಮನೆ ನಿಲ್ಲುತ್ತಿದ್ದಳು. ಊಟ ಮಾಡೆಂದರೆ ಮಾಡುತ್ತಿದ್ದಳು, ಮಲಗೆಂದರೆ ಮಲಗುತ್ತಿದ್ದಳು, ಮಾತು ಮಾತ್ರ ಇಲ್ಲ. ಅಕ್ಕ ಹೆದರಿ ನನ್ನ ಹತ್ತಿರ ಕಳಿಸಿದಳು. ಒಂದು ಮಳೆಗಾಲ ಪೂರ್ತಿ ನನ್ನ ಶೆಡ್ಡಿನಲ್ಲಿ ಸಾಲಿನ ಕೊನೆಗೆ ಕೂತು ಯಾರದೋ ತಲೆಯ ಕೂದಲಿನ ಗಂಟು ಬಿಡಿಸಿದಳು. ಆಮೇಲೆ ಒಂದು ದಿನ ಚೀಲ ಹೆಗಲಿಗೇರಿಸಿ ತರಬೇತಿಗೆ ಹೋಗಿಬಿಟ್ಟಳು.

ಈಗ ಬಿಷ್ಕೆಕ್ಕಿನಲ್ಲಿ ಮುಂದಿನ ದೊಡ್ಡ ಕೂಟಕ್ಕೆ ಆಯ್ಕೆ. ಫೈನಲ್ ಮುಟ್ಟಿದವರಿಗೆ ದಾರಿ ತೆರೆಯುತ್ತದೆ, ಉಳಿದವರಿಗೆ ಮುಚ್ಚುತ್ತದೆ. ಅದೇ ಹೊತ್ತಿಗೆ ಕೊಪ್ಪಳದಲ್ಲಿ ಹುಡುಗಿಯರಿಗೆ ಕುಸ್ತಿ ಕಲಿಸುವ ಸರ್ಕಾರಿ ಕೆಲಸವೊಂದು ಅವಳಿಗಾಗಿ ಕಾಯುತ್ತಿತ್ತು. ವಾಪಸು ಬಂದ ಕೂಡಲೇ ಹೂಂ ಅಥವಾ ಉಹೂಂ ಹೇಳಬೇಕು. ಹೂಂ ಅಂದರೆ ತಾನು ಆಡುವುದನ್ನು ನಿಲ್ಲಿಸಬೇಕು.

ಹೊರಡುವ ಮುಂಚೆ ಅಕ್ಕ ನನ್ನ ಕೈ ಹಿಡಿದು ಹೇಳಿದಳು: "ನೀ ಎಂಥಾ ಗಿರಾಕಿನ್ನೂ ಒಪ್ಪಸ್ತಿ. ಇಕಿನ್ನ ಒಪ್ಪಿಸಿ ಕರಕೊಂಡ ಬಾ. ಮತ್ತೊಮ್ಮೆ ಹಂಗ ಮಾಳಗಿ ಮ್ಯಾಲೆ ನಿಂತ್ಲಂದ್ರ ನನ್ನ ಕಡಿಂದ ನೋಡಾಕ ಆಗೂದಿಲ್ಲ."

"ಗೆದ್ದು ಬಿಟ್ರ?"

"ಗೆದ್ರೂ ಬಿಡ್ಲಿ. ದರ ಇದ್ದಾಗ ಮಾರಬೇಕಂತ ಊರಿಗೆಲ್ಲಾ ಹೇಳಾಕಿ ನೀನ ಅಲ್ಲೇನು?"

ನನ್ನ ಸರಕನ್ನು ನನಗೇ ಮಾರಿದಳು ನೋಡಿ. ನಾನು ಹೂಂ ಅಂದೆ.

ಬಜಾರು

ಪರದೇಶಕ್ಕೆ ಹೋಗುವವರಿಗೆ ನನ್ನದೊಂದು ಮಾತು. ಗುಡಿ ಗೋಪುರ ಆಮೇಲೆ ನೋಡಿ. ಮೊದಲು ಬಜಾರಿಗೆ ಹೋಗಿ, ಅದೂ ಮುಂಜಾನೆ, ಅಂಗಡಿಗಳ ಬಾಗಿಲು ತೆಗೆಯುವ ಹೊತ್ತಿಗೆ. ಊರು ಎಂಥದೆಂದು ಅಲ್ಲಿ ತಿಳಿಯುತ್ತದೆ.

ಗುಲ್ಮೀರಾಳ ಜೊತೆ ಹೋದೆ. ಬಜಾರಿಗೆ ಅವರೂ ಬಜಾರೇ ಅನ್ನುತ್ತಾರೆ. ಅಂಗಡಿಗೆ ದುಕೋನ್, ಗೆಳೆಯನಿಗೆ ದೋಸ್. ನಮ್ಮ ಕಡೆಯ ಅಜ್ಜಂದಿರ ಮಾತಿನ ದುಕಾನ, ದೋಸ್ತ ಎಲ್ಲ ನನಗಿಂತ ಮುಂಚೆಯೇ ಇಲ್ಲಿಗೆ ಬಂದು ಮನೆ ಮಾಡಿಕೊಂಡಿದ್ದವು. ಒಣ ಏಪ್ರಿಕಾಟ್ ಮಾರುವ ಹೆಂಗಸಿಗೆ ನಾನೇ ದಿನದ ಮೊದಲ ಗಿರಾಕಿ. ಅವಳು ನೋಟು ಇಸಕೊಂಡು ಅದರಿಂದ ತನ್ನ ರಾಶಿಯನ್ನೆಲ್ಲ ಮೆಲ್ಲಗೆ ತಟ್ಟಿದಳು, ಮಗುವಿನ ಬೆನ್ನು ತಟ್ಟಿದ ಹಾಗೆ. ಬೋಣಿ. ಯಲಬುರ್ಗಾದ ಸಂತೆಯಲ್ಲಿ ನಾವು ಅದೇ ನೋಟನ್ನು ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಬೋಣಿಯ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದು ಅನ್ನುವುದು ಅಲ್ಲೂ ಉಂಟು ಎಂದು ಗೊತ್ತಾದ ಮೇಲೆ ನಾನು ಚೌಕಾಸಿ ಮಾಡಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಬಜಾರಿನ ತುದಿಗೆ ನಿಂತರೆ ದಕ್ಷಿಣಕ್ಕೆ ಹಿಮದ ಬೆಟ್ಟಗಳು ಕಾಣುತ್ತಿದ್ದವು. ಬುಡ ಕಾಣುವುದಿಲ್ಲ. ಧೂಳು, ಬಿಸಿಲು ಬೆರೆತ ಮಬ್ಬಿನಲ್ಲಿ ಬುಡ ಕರಗಿ ಹೋಗಿ, ಬಿಳಿ ತುದಿಗಳು ಮಾತ್ರ ಆಕಾಶದಲ್ಲಿ ತೇಲುತ್ತಿರುತ್ತವೆ. ನಮ್ಮ ಆನೆಗೊಂದಿ ಕಡೆಯ ಗುಡ್ಡಗಳು ಬಂಡೆಯ ಮೇಲೆ ಬಂಡೆ ಇಟ್ಟು ಕೂತಿರುತ್ತವೆ, ಅಲ್ಲಾಡಿಸಿ ನೋಡು ಅಂದ ಹಾಗೆ. ಇವು ಹಾಗಲ್ಲ. ಕಣ್ಣು ಮಿಟುಕಿಸಿ ನೋಡಿದರೆ ಇರುತ್ತವೋ ಇಲ್ಲವೋ ಅನ್ನಿಸುತ್ತದೆ. ಬಹಳ ಹೊತ್ತು ಸಂಚಿ ಹಿಡಿದುಕೊಂಡು ನಿಂತುಬಿಟ್ಟೆ. ಗುಲ್ಮೀರಾ ಕಾದಳು. ವ್ಯಾಪಾರದವಳಾಗಿಯೂ ಕಾದಳಲ್ಲ, ಅದಕ್ಕೇ ಅವಳ ಮೇಲೆ ನನಗೆ ಪ್ರೀತಿ.

ಮಧ್ಯಾಹ್ನ ಅವಳ ಅಂಗಡಿಗೆ ನೀಲಾ ಬಂದಳು. ಗುಲ್ಮೀರಾ ಬಟ್ಟಲಿಗೆ ಚಹಾ ಹಾಕಿದಳು, ಅರ್ಧಕ್ಕೆ. ಕುಡಿದೆ. ಮತ್ತೆ ಅರ್ಧ. ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷದ ಗಿರಾಕಿ, ಚಹಾದಲ್ಲೇಕೆ ಕೈ ಹಿಡಿತ? "ತುಂಬ ಹಾಕವ್ವಾ" ಎಂದು ಬಟ್ಟಲನ್ನು ಮುಂದೆ ಚಾಚಿ, ತುಂಬಿಸಿಕೊಂಡೇ ಬಿಟ್ಟೆ. ಗುಲ್ಮೀರಾಳ ಮುಖ ಸಣ್ಣದಾಯಿತು.

"ದೀದೀ, ನಮ್ಮಲ್ಲಿ ತುಂಬ ಹಾಕಿದರೆ ಕುಡಿದು ಎದ್ದು ಹೋಗಿ ಅಂತ ಅರ್ಥ. ಅರ್ಧ ಹಾಕಿದರೆ ಇನ್ನೂ ಕೂತಿರಿ ಅಂತ. ನೀವು ಹೊರಡುತ್ತೀರಾ?"

ನೀಲಾ ಮೂಲೆಯಲ್ಲಿ ಕೂತು ಕೇಳುತ್ತಿದ್ದಳು. ಅವಳ ಮುಂದೆ ಬಟ್ಟಲೇ ಇರಲಿಲ್ಲ. ತೂಕದ ದಿನ ಹತ್ತಿರವಿತ್ತು. ಕುಸ್ತಿಯವರನ್ನು ಆಟಕ್ಕೆ ಮುಂಚೆ ತೂಗುತ್ತಾರೆ. ತಮ್ಮ ವರ್ಗದ ಗೆರೆ ದಾಟಿದರೆ ಆಡಲು ಬಿಡುವುದಿಲ್ಲ. ಅದಕ್ಕಾಗಿ ನೀರನ್ನೂ ಗುಟುಕು ಲೆಕ್ಕದಲ್ಲಿ ಕುಡಿಯುತ್ತಾರೆ. ನಾನು ಕೂದಲು ತೂಗಿ ಬದುಕಿದವಳು, ಅವಳು ತನ್ನನ್ನೇ ತೂಗಿಕೊಂಡು. ಯಾರ ತಕ್ಕಡಿ ಕಠಿಣ ಎಂದು ನಾನು ಹೇಳಬೇಕಿಲ್ಲ.

"ಒಂದೀಟು ಕುಡಿಯ," ಅಂದೆ.

"ಬ್ಯಾಡ ಚಿಗವ್ವಾ. ವಾಸನಿ ತಗೊಂಡ್ನಿ, ಸಾಕು."

ನಾನು ಮಾತು ತೆಗೆಯಲು ಅದೇ ಸಂದು ನೋಡಿದೆ. "ಆ ಕೆಲಸಕ್ಕ ಹೂಂ ಅಂದ್ರ ದಿನಾ ಹೊಟ್ಟಿ ತುಂಬ ಚಾ ಕುಡೀಬೌದಲ್ಲ."

ನೀಲಾ ನನ್ನ ಕಡೆ ನೋಡಿ ನಕ್ಕಳು, ಹಲ್ಲು ಕಾಣದ ಹಾಗೆ. "ಚಾದ ಬಟ್ಟಲಾ ತೋರಿಸಿ ನನ್ನ ಕೊಳ್ಳಾಕ ಹತ್ತೀ? ಮದಲ ಸ್ಟೀಲಿನ ಬಟ್ಟಲಾ ಕೊಡ್ತಿದ್ದಿ."

ತುಂಬಿಸಿಕೊಂಡ ಬಟ್ಟಲನ್ನು ಎತ್ತಿ ಕುಡಿಯತೊಡಗಿದೆ.

ಆಟದ ಅರಮನೆ

ಕ್ರೀಡಾಂಗಣಕ್ಕೆ ಅವರು ಆಟದ ಅರಮನೆ ಅನ್ನುತ್ತಾರಂತೆ. ಒಳಗೆ ಎತ್ತರದ ಕಿಟಕಿಗಳಿಂದ ಬಿಸಿಲು ಕೋಲುಕೋಲಾಗಿ ಇಳಿದಿತ್ತು. ಅರಳೆ ಅಲ್ಲಿಗೂ ಬಂದಿತ್ತು. ಮ್ಯಾಟಿನ ಮೇಲೆ ಇಬ್ಬರು ಹೆಣ್ಣುಮಕ್ಕಳು ಬೆವರಿ ಹಿಡಿದಾಡುತ್ತಿದ್ದರೆ ಅವರ ತಲೆಯ ಮೇಲೆ ಆ ಎಳೆಗಳು ನಿದ್ದೆಯಲ್ಲಿದ್ದ ಹಾಗೆ ತಿರುಗುತ್ತಿದ್ದವು.

ನೀರಿನ ಬಾಟಲಿ, ಟವೆಲ್ ಹಿಡಿಯಲು ಒಬ್ಬರು ಬೇಕೆಂದು ನೀಲಾಳ ಕೋಚ್ ನನಗೂ ಕೊರಳಿಗೆ ಕಾರ್ಡು ಕೊಡಿಸಿದ್ದರು. ಹೀಗಾಗಿ ನಾನು ಮ್ಯಾಟಿನ ಅಂಚಿನ ಬೆಂಚಿನಲ್ಲಿದ್ದೆ, ಪಕ್ಕದಲ್ಲಿ ಗುಲ್ಮೀರಾ. ಅವಳಿಗೆ ಕಾರ್ಡಿರಲಿಲ್ಲ, ಊರಿನವಳೆಂಬ ಧೈರ್ಯವಿತ್ತು.

ನೀಲಾ ಮೊದಲೆರಡು ಕುಸ್ತಿ ಗೆದ್ದಳು. ಮೂರನೆಯದು ಫೈನಲಿನ ಬಾಗಿಲು. ಎದುರಿಗೆ ಹರೆಯದ ಹುಡುಗಿ, ಮೀನಿನ ಹಾಗೆ ಜಾರುವವಳು. ನೀಲಾ ಮುಂದಿದ್ದಳು. ಉಸಿರು ಹಿಡಿದು ಕೂತಿದ್ದೆ. ಆಟ ಇನ್ನೇನು ಮುಗಿಯಿತು ಅನ್ನುವಾಗ ಆ ಹುಡುಗಿ ಒತ್ತಿದಳು, ನೀಲಾ ಹಿಂದೆ ಸರಿದಳು, ಅವಳ ಬಲಗಾಲು ಗೆರೆಯಾಚೆ ಇಳಿಯಿತು. ಬಿದ್ದದ್ದಲ್ಲ, ಬೀಳಿಸಿದ್ದಲ್ಲ, ಒಂದು ಕಾಲು ಆಚೆ. ಅಷ್ಟಕ್ಕೆ ಆ ಹುಡುಗಿಗೆ ಒಂದು ಅಂಕ, ಸಮವಾಯಿತು. ಸಮವಾದರೆ ಕೊನೆಯ ಅಂಕ ಪಡೆದವರು ಗೆದ್ದಂತೆ. ಮುಗಿಯಿತು.

ಕೈಕುಲುಕಿದ ಮೇಲೆ ನೀಲಾ ಮ್ಯಾಟಿನ ನಡುವೆ ಒಂದು ಗಳಿಗೆ ಬಗ್ಗಿ ನಿಂತಳು, ಕೈ ಬೂಟಿನ ಹತ್ತಿರ. ಉಸಿರು ತೆಗೆದುಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ನೇರ ಎದ್ದು, ಯಾರ ಕಡೆಗೂ ನೋಡದೆ, ಒಳಗಿನ ಓಣಿಗೆ ಹೋಗಿ ಗೋಡೆಗೆ ಒರಗಿ ನೆಲಕ್ಕೆ ಕೂತು ಟವೆಲನ್ನು ತಲೆಯ ಮೇಲೆ ಎಳೆದುಕೊಂಡಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಕೋಚ್ ಕೈಸನ್ನೆ ಮಾಡಿದರು: ಬಿಡಿ, ಒಬ್ಬಳೇ ಇರಲಿ. ಬೆಂಚಿಗೆ ವಾಪಸಾದೆ. ಮಾಳಿಗೆಯ ಮೇಲಿನ ಆ ಬೆನ್ನು ನನ್ನ ಕಣ್ಣ ಮುಂದೆ ಬಂದು ನಿಂತಿತು.

ಅಷ್ಟರಲ್ಲಿ ಅರಮನೆಯಲ್ಲಿ ಸದ್ದು ಏರಿತು. ಆ ದೇಶದವಳೇ ಆದ ಚೋಲ್ಪಾನ್ ಎಂಬವಳು ದೊಡ್ಡ ತೂಕದವರ ಕುಸ್ತಿಗೆ ಇಳಿದಿದ್ದಳು. ಚೋಲ್ಪಾನ್ ಅಂದರೆ ಬೆಳ್ಳಿಚುಕ್ಕಿ ಎಂದು ಗುಲ್ಮೀರಾ ಹೇಳಿದಳು. ವಯಸ್ಸಾದವಳು, ಕುಸ್ತಿಯ ಲೆಕ್ಕದಲ್ಲಿ. ಬಿಗಿಯಾಗಿ ಹೆಣೆದ ಎರಡು ಜಡೆ. ಇದ್ದರೆ ಅಂಥ ಕೂದಲಿರಬೇಕು, ಅದು ನನ್ನ ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಅವಳೂ ಸೋತಳು. ಆದರೂ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಲೇ ಇದ್ದರು. ಊರ ಮಗಳು, ತಟ್ಟಲಿ ಅಂದುಕೊಂಡೆ. ಚೋಲ್ಪಾನ್ ಮ್ಯಾಟಿನ ನಡುವೆ ಕೂತು ಬೂಟಿನ ದಾರ ಬಿಚ್ಚಿದಳು. ಎರಡನ್ನೂ ಜೋಡಿಸಿ ಇಟ್ಟಳು. ನೆಲಕ್ಕೆ ಹಣೆ ಹಚ್ಚಿ, ಎದ್ದು, ಅಳುತ್ತ ಕಾಲುಚೀಲದಲ್ಲೇ ನಡೆದು ಹೋದಳು.

ಬೂಟು ಅಲ್ಲೇ ಉಳಿದವು. ಕೆಂಪು ಬೂಟು, ಅಟ್ಟೆ ಇನ್ನೂ ಗಟ್ಟಿ.

ನಾನು ಗುಲ್ಮೀರಾಳ ಕಡೆ ನೋಡಿದೆ. ಅವಳು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಯಾರೂ ಹೋಗಿ ಬೂಟು ಎತ್ತುವ ಲಕ್ಷಣವಿಲ್ಲ. ಸೋತ ಸಂಕಟದಲ್ಲಿ ಪಾಪ ಮರೆತು ಹೋಗಿದ್ದಾಳೆ, ಮುಂದಿನ ಜೋಡಿ ಬಂದರೆ ತುಳಿದು ಒದೆಯುತ್ತಾರೆ, ಇಲ್ಲವೇ ಯಾರಾದರೂ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಇಷ್ಟು ಜನ ಕೂತು ಒಬ್ಬರಿಗೂ ಕೈ ಏಳಬಾರದೆ? ಎದ್ದೆ. ಗರಡಿಗೆ ಚಪ್ಪಲಿ ಹಾಕಿಕೊಂಡು ಹೋಗುವ ಪದ್ಧತಿ ನಮ್ಮದಲ್ಲ, ಆದ್ದರಿಂದ ಮ್ಯಾಟಿನ ಅಂಚಿಗೆ ಚಪ್ಪಲಿ ಬಿಟ್ಟೆ. ಸೀರೆ ಎತ್ತಿಕಟ್ಟಿ, ನಡುವಿಗೆ ಹೋಗಿ, ಎರಡೂ ಬೂಟು ಎತ್ತಿ ಕಂಕುಳಿಗೆ ಸಿಕ್ಕಿಸಿ, ಚೋಲ್ಪಾನಳ ಹಿಂದೆ ಓಡಿದೆ.

ಚಪ್ಪಾಳೆ ನಿಂತಿತು. ಒಂದು ಅರಮನೆಯಷ್ಟು ಜನ ಒಟ್ಟಿಗೆ ಉಸಿರು ಹಿಡಿದರೆ ಹೇಗೆ ಕೇಳಿಸುತ್ತದೆ ಎಂದು ನನಗೆ ಈಗ ಗೊತ್ತು. ಅರಳೆ ಬೀಳುವುದೂ ಕೇಳಿಸುತ್ತದೆ. ಹಿಂದಿನಿಂದ ಗುಲ್ಮೀರಾಳ ಕೂಗು: "ದೀದೀ, ಇಡಿ, ಕೆಳಗೆ ಇಡಿ."

ಒಳಗಿನ ಓಣಿಯಲ್ಲಿ ಚೋಲ್ಪಾನಳನ್ನು ಹಿಡಿದೆ. ಬೂಟುಗಳನ್ನು ಅವಳ ಎದೆಗೆ ಒತ್ತಿ, ಯಾವ ಭಾಷೆ ಎಂದೂ ನೋಡದೆ ಹೇಳಿದೆ: "ಮರತು ಬಿಟ್ಟಿದ್ದೆಲ್ಲವಾ ನಮ್ಮವ್ವ. ಛಲೋ ಬೂಟು, ಹಂಗ ಎಲ್ಲಿ ಬೇಕಲ್ಲಿ ಬಿಡಬಾರದು."

ಅವಳು ಬೂಟು ನೋಡಿದಳು. ನನ್ನ ಬರಿಗಾಲು ನೋಡಿದಳು. ಓಡಿ ಬಂದ ಗುಲ್ಮೀರಾ ಏದುಸಿರು ಬಿಡುತ್ತ ನನಗೆ ತಿಳಿಸಿದಳು: ಕುಸ್ತಿಯವರು ಆಟಕ್ಕೆ ಕೊನೆಯ ನಮಸ್ಕಾರ ಹೇಳುವುದು ಹಾಗೆ. ಮ್ಯಾಟಿನ ನಡುವೆ ಬೂಟು ಬಿಟ್ಟರೆ ಇನ್ನು ಆಡುವುದಿಲ್ಲ ಎಂದರ್ಥ. ಜನ ಎದ್ದು ನಿಂತದ್ದು ಅದಕ್ಕೆ.

ಇಷ್ಟು ವರ್ಷದ ವ್ಯಾಪಾರದಲ್ಲಿ ನಾನು ಸರಕನ್ನು ತಪ್ಪು ಕೈಗೆ ಕೊಟ್ಟವಳಲ್ಲ. ಭೂಮಿ ಬಾಯಿ ತೆರೆದರೆ ಸಾಕು ಅನ್ನಿಸಿತು. "ವಾಪಸ್ ಇಟ್ಟ ಬರ್ತೇನಿ," ಎಂದು ಕೈ ಚಾಚಿದೆ. ಅಷ್ಟರಲ್ಲಿ ಕೋಟು ತೊಟ್ಟ ಅಧಿಕಾರಿಯೊಬ್ಬರು ನನ್ನ ಚಪ್ಪಲಿಗಳನ್ನು ಎರಡೂ ಕೈಯಲ್ಲಿ ಗೌರವದಿಂದ ಹಿಡಿದು ಬಂದು ಏನೋ ಕೇಳಿದರು. ಗುಲ್ಮೀರಾ ಅದನ್ನು ಹೇಳುವಾಗ ಮುಖ ಆಚೆ ತಿರುಗಿಸಿಕೊಂಡಿದ್ದಳು.

"ಭಾರತದ ಅಮ್ಮನವರೂ ಇವತ್ತೇ ನಿವೃತ್ತಿಯಾದರೇ ಅಂತ ಕೇಳುತ್ತಿದ್ದಾರೆ."

ಗೋಡೆಯ ಬುಡದಿಂದ ಒಂದು ಸದ್ದು ಬಂತು. ಟವೆಲ್ ಸರಿಸಿ ನೀಲಾ ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ತಲೆಯನ್ನು ಗೋಡೆಗೆ ಬಡಿದುಕೊಂಡು ನಕ್ಕಳು. "ಎಲ್ಲಾರೂ ಅಳಾಕ ಹತ್ಯಾರ, ಇಕಿ ಬೂಟು ಎತಗೊಂಡು ಓಡಾಕ ಹತ್ಯಾಳ," ಅಂದಳು. ಚೋಲ್ಪಾನಳೂ ನಕ್ಕಳು. ನೀಲಾಳ ನಗು ಎಲ್ಲಿ ಅಳುವಾಯಿತೋ ನನಗೆ ಗೆರೆ ಸಿಗಲಿಲ್ಲ. ಚೋಲ್ಪಾನ್ ಅವಳ ಮಗ್ಗುಲಿಗೆ ನೆಲದ ಮೇಲೆ ಕೂತಳು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದ ಇಬ್ಬರು. ಚೋಲ್ಪಾನ್ ಬೆರಳು ಚಾಚಿ ನೀಲಾಳ ಬೂಟನ್ನು ಮುಟ್ಟಿದಳು. ದಾರ ಬಿಚ್ಚದಿರಲೆಂದು ಅದರ ಮೇಲೆ ಟೇಪು ಸುತ್ತಿತ್ತು, ಬಿಗಿಯಾಗಿ. ನೀಲಾ ಕಾಲು ಹಿಂದಕ್ಕೆ ಎಳೆದುಕೊಂಡಳು.

ಹೊರಡುವಾಗ ಚೋಲ್ಪಾನ್ ಗುಲ್ಮೀರಾಳ ಕೈಯಲ್ಲಿ ಹೇಳಿಸಿದಳು: "ನನ್ನ ಬೂಟು ತಂದುಕೊಟ್ಟವರು ನನ್ನ ಮನೆಯ ರೊಟ್ಟಿ ಮುರಿಯದೆ ಹೋಗಬಾರದು. ನಾಳೆ ಸರೋವರಕ್ಕೆ ಬನ್ನಿ."

ಸರೋವರದ ದಂಡೆ

ಇಸಿಕ್ ಕುಲ್ ಸರೋವರಕ್ಕೆ ಬೆಟ್ಟಗಳ ನಡುವಿನ ದಾರಿ. ನೀರು ಕಂಡಾಗ ಮುನಿರಾಬಾದಿನ ಡ್ಯಾಮಿನ ಹಿನ್ನೀರು ನೆನಪಾಯಿತು, ಆದರೆ ಹಿನ್ನೀರಿಗೆ ಆಚೆ ದಂಡೆ ಎಂದರೆ ಹೊಲ, ಇದಕ್ಕೆ ಆಚೆ ದಂಡೆ ಎಂದರೆ ಹಿಮ. ನೀರಿನೊಳಗೂ ಅದೇ ಹಿಮ, ತಲೆಕೆಳಗಾಗಿ. ಚಳಿಗಾಲದಲ್ಲೂ ಇದು ಹೆಪ್ಪುಗಟ್ಟುವುದಿಲ್ಲವಂತೆ. ಬೆರಳದ್ದಿ ನೆಕ್ಕಿದೆ: ಸಣ್ಣಗೆ ಉಪ್ಪು, ಅಳು ನಿಂತ ಮೇಲಿನ ತುಟಿಯ ಹಾಗೆ.

ಚೋಲ್ಪಾನಳ ಮನೆ ಏಪ್ರಿಕಾಟ್ ಗಿಡಗಳ ನಡುವೆ. ಮಾಂಸವಿಲ್ಲದ ಊಟ ಏನು ಕೊಡುವುದೆಂದು ಅವಳ ತಾಯಿ ಚಿಂತೆಗೆ ಬಿದ್ದಿದ್ದಳು. ಕೊನೆಗೆ ದುಂಡನೆಯ ದಪ್ಪ ರೊಟ್ಟಿ, ಕೆನೆ, ಹಣ್ಣಿನ ಮುರಬ್ಬ ಇಟ್ಟಳು. ನಾನು ರೊಟ್ಟಿಯನ್ನು ಮಗುಚಿ ಇಟ್ಟೆ, ಅವಳು ಸದ್ದಿಲ್ಲದೆ ತಿರುಗಿಸಿ ಇಟ್ಟಳು. ರೊಟ್ಟಿಯ ಮುಖ ಕೆಳಗಾಗಬಾರದು. ನಾನೂ ಚೀಲದಿಂದ ಕಟಕ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ ತೆಗೆದೆ. ಆ ತಾಯಿ ಒಂದು ತುಂಡು ಕಡಿದು, ಅದರ ಸದ್ದಿಗೆ ತಾನೇ ಬೆಚ್ಚಿ, ನಕ್ಕಳು.

ನೀಲಾಳ ಮುಂದೆ ಚಹಾ ಬಟ್ಟಲು ಬಂತು. ಅರ್ಧ. ಕುಡಿದಳು. ಮತ್ತೆ ಅರ್ಧ, ಮತ್ತೆ ಅರ್ಧ. ರೊಟ್ಟಿಗೆ ಕೆನೆ ಹಚ್ಚಿ ತಿಂದಳು, ಬೆರಳು ನೆಕ್ಕಿದಳು. ತಕ್ಕಡಿಯ ಯೋಚನೆಯಿಲ್ಲದೆ ಅವಳು ಉಣ್ಣುವುದನ್ನು ನಾನು ಎಷ್ಟೋ ವರ್ಷಗಳ ಮೇಲೆ ನೋಡಿದೆ. ಆದರೆ ಕಾಲಿನಲ್ಲಿ ಅವೇ ಬೂಟು. ಬಾಗಿಲಲ್ಲಿ ಬಿಡು ಅಂದಾಗ ಮೆಟ್ಟಿಲ ಮೇಲೆ ಕೂತಳೇ ಹೊರತು ಬಿಡಲಿಲ್ಲ. ಹೀಗಾಗಿ ಎಲ್ಲರೂ ಅಂಗಳಕ್ಕೇ ಬಂದು ಕೂತೆವು.

ಚೋಲ್ಪಾನ್ ಮಾತಾಡಿದಳು, ಗುಲ್ಮೀರಾ ಹಿಂದಿಗೆ ತಂದಳು, ನಾನು ನೀಲಾಳಿಗೆ ನಮ್ಮ ಮಾತಿನಲ್ಲಿ ಹೇಳಿದೆ. ಮೂರು ಕೈ ದಾಟಿ ಬಂದರೂ ಮಾತು ಕೆಟ್ಟಿರಲಿಲ್ಲ.

ಹಿಂದೊಮ್ಮೆ ದೊಡ್ಡ ಕೂಟ ಮುಗಿಸಿ ಬಂದ ಮೇಲೆ ತನಗೂ ದಿನ ಬೆಳಗಾಗುತ್ತಿರಲಿಲ್ಲ ಅಂದಳು ಚೋಲ್ಪಾನ್. "ಅಪ್ಪನ ಕುರಿಗಳ ಹಿಂದೆ ಬೆಟ್ಟ ಹತ್ತುತ್ತಿದ್ದೆ. ಎಲ್ಲಿಗೆ ಹೋಗುತ್ತಿದ್ದೇವೆಂದು ಕುರಿಗಳಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ."

"ಆಮೇಲೆ?" ನೀಲಾ ತಾನೇ ಕೇಳಿದಳು.

"ಊರಿನ ಸಾಲೆಯ ಹಿಂದೆ ಹಳೆಯ ಕೊಟ್ಟಿಗೆಯಲ್ಲಿ ಹುಡುಗಿಯರಿಗೆ ಕಲಿಸಲು ಶುರುಮಾಡಿದೆ. ಆಡುತ್ತಲೇ ಕಲಿಸಿದೆ. ಈ ಸಲ ಮ್ಯಾಟಿನ ಮೇಲೆ ಕೂತಾಗ ದಾರ ತಾನಾಗಿ ಬಿಚ್ಚಿತು. ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕೆಂದು ಕಾಲಿಗೆ ಗೊತ್ತಿತ್ತು."

ನನಗೆ ಇದಕ್ಕಿಂತ ಒಳ್ಳೆಯ ಸಂದು ಬೇಕೆ? "ಕೇಳಿದ್ಯಾ? ಹಳೇ ಅಂಗಡಿ ಮುಚ್ಚೂ ಮುಂದ ಹೊಸಾ ಅಂಗಡಿ ಬಾಗಲಾ ತಗದಿರಬೇಕು. ನಾ ಹೇಳಿದ್ದೂ ಅದನ್ನ. ಕೊಪ್ಪಳದ ಕೆಲಸ..."

"ಚಿಗವ್ವಾ, ಒಂದೀಟು ಸುಮ್ಮನ ಇರ್ತಿಯೇನ?"

ಸಂಜೆ ಅವಳು ನೀರಿಗಿಳಿದಳು. ಅದಕ್ಕೆ ಮಾತ್ರ ಬೂಟು ಬಿಚ್ಚಿ, ನನ್ನ ಮಡಿಲಲ್ಲಿಟ್ಟು ಹೋದಳು. "ನೀ ಕಾಯಾಕಿ ಅಲ್ಲೇನು?" ಅಂದಳು. ನೀರಿನ ಮೇಲೆ ಅಂಗಾತ ಮಲಗಿ ಕೈ ಬಿಟ್ಟಳು. ತೆರೆ ಎಂಬುದಿರಲಿಲ್ಲ. ಬೆಟ್ಟದ ಹಿಮ ಮೊದಲು ಹಳದಿಯಾಯಿತು, ಆಮೇಲೆ ಈರುಳ್ಳಿ ಸಿಪ್ಪೆಯ ಬಣ್ಣ. ನೀಲಾ ಆ ಬಣ್ಣದ ನಡುವೆ ಇದ್ದಳು. ಮುಳುಗುತ್ತಲೂ ಇರಲಿಲ್ಲ, ಎಲ್ಲಿಗೂ ಹೋಗುತ್ತಲೂ ಇರಲಿಲ್ಲ. ಎಷ್ಟು ಹೊತ್ತು ಎಂದು ನನ್ನನ್ನು ಕೇಳಬೇಡಿ. ತೂಕವಿಲ್ಲದ ಹೊತ್ತನ್ನು ತೂಗುವ ಕಲ್ಲು ನನ್ನ ಹತ್ತಿರ ಇಲ್ಲ.

ತಲೆ ಒರೆಸಿಕೊಂಡು ನನ್ನ ಮಗ್ಗುಲಿಗೆ ಬಂದು ಕೂತ ಮೇಲೆ ಅವಳೇ ಮಾತು ತೆಗೆದಳು.

"ಆ ಕೆಲಸ ಬ್ಯಾಡಂತಲ್ಲ ಚಿಗವ್ವಾ. ಬಿಡೂದು ಹೆಂಗಂತ ತಿಳಿವಲ್ದು. ನಿನ್ನೆ ಸೋತಕೂಡ್ಲೆ ಬೂಟು ಅಲ್ಲೇ ಬಿಡೂಣಂತ ಬಗ್ಗಿದ್ನಿ. ಕೈ ಹೋಗಲಿಲ್ಲ."

"ಉಸರು ತಗೊಳಾಕ ಹತ್ತೀ ಅನಕೊಂಡೆ."

"ನಾ ಕಲ್ತದ್ದು ಮಣ್ಣಾಗ, ಆ ನೆಲಾ ನನ್ನ ಗುರತಾ ಹಿಡೀಲಿಲ್ಲ. ಅಲ್ಲೇ ಬಿಟ್ಟಿದ್ರ, ಯಾರದರ ಮನಿಗೆ ಹೋಗಿ, ಅವರಿಗೆ ಹೇಳದ ಎದ್ದು ಬಂದಂಗ ಆಗ್ತಿತ್ತು."

ಆಗ ಅಕ್ಕನ ಫೋನ್ ಬಂತು. ನೀಲಾ ನೀರಿನ ಕಡೆ ಮುಖ ತಿರುಗಿಸಿದಳು.

"ಒಪ್ಪಿದ್ಲೇನ?" ಅಕ್ಕ ಕೇಳಿದಳು.

"ಇಲ್ಲ. ನಾ ಕೇಳೂದು ಬಿಟ್ಟೀನಿ."

"ಅದಕ್ಕ ನಿನ್ನ ಕಳಿಸಿದ್ನಿ?"

"ಅಕ್ಕಾ, ಗಂಟು ಬಿದ್ದ ಕೂದಲಾ ಬುಡದಾಗಿಂದ ಬಾಚಿದ್ರ ಹರೀತೈತಿ. ತುದಿಯಿಂದ ಒಂದೊಂದ ಎಳಿ ಬಿಡಿಸ್ಕೋತ ಬರಬೇಕು. ಇಕಿ ಬಿಡಿಸ್ಕೊಳಾಕ ಹತ್ಯಾಳ. ತಡಿ."

ಅಕ್ಕ ಫೋನ್ ಇಡಲಿಲ್ಲ. ಅವಳ ಹಿಂದೆ ಕುಷ್ಟಗಿಯ ಬಸ್ಸಿನ ಹಾರ್ನು ಕೇಳುತ್ತಿತ್ತು, ನನ್ನ ಮುಂದೆ ಆ ನೀರು.

ಕುಷ್ಟಗಿ

ಪರದೇಶದ ಕಥೆ ವಿಮಾನದಲ್ಲಿ ಮುಗಿಯಬೇಕು. ನನ್ನದು ಮುಗಿಯಲಿಲ್ಲ.

ವಾಪಸು ಬಂದ ಮೇಲೆ ಎರಡು ರಾತ್ರಿ ಅಕ್ಕನ ಮನೆಯಲ್ಲೇ ಉಳಿದೆ. ಸರ್ಕಾರದವರಿಗೆ ಉತ್ತರ ಕೊಡುವ ದಿನ ಬಂತು. ಮುಂಜಾನೆ ಐದಕ್ಕೆ ಮೆಟ್ಟಿಲ ಸದ್ದು ಕೇಳಿ ಅಕ್ಕ ನನ್ನ ತೋಳು ಹಿಡಿದಳು. ಮಾಳಿಗೆಗೆ ಹೋಗುತ್ತಿದ್ದಾಳೆ ಎಂದು ಇಬ್ಬರೂ ಅಂದುಕೊಂಡೆವು. ಸದ್ದು ಮೇಲೆ ಹೋಗಲಿಲ್ಲ, ಕೆಳಗೆ ಬಂತು. ನೀಲಾ ಬಾಗಿಲಲ್ಲಿ ನಿಂತಿದ್ದಳು, ಕಾಲಿಗೆ ಬೂಟು, ದಾರದ ಮೇಲೆ ಹೊಸ ಟೇಪು.

"ಚಿಗವ್ವಾ, ಗರಡಿ ಮನಿ ತನಕ ಬರ್ತಿಯೇನ?"

ಅಕ್ಕ ಹಾಸಿಗೆಯಲ್ಲೇ ಕೂತು ನೋಡುತ್ತಿದ್ದಳು. ನಾನು ಸೀರೆ ಸರಿಮಾಡಿಕೊಂಡು ಹೊರಟೆ.

ಕುಷ್ಟಗಿ ಇನ್ನೂ ಮಬ್ಬಿನಲ್ಲಿತ್ತು. ಚಹಾದ ಅಂಗಡಿಯವನು ಒಲೆ ಹಚ್ಚುತ್ತಿದ್ದ. ಗಾಳಿಯಲ್ಲಿ ಅರಳೆಯಿರಲಿಲ್ಲ, ಆದರೂ ಒಂದೆರಡು ಸಲ ಕೈ ಚಾಚಿ ನೋಡಿದೆ. ಗರಡಿಯ ಸಣ್ಣ ಬಾಗಿಲಲ್ಲಿ ವಸ್ತಾದರು ಕಸ ಗುಡಿಸುತ್ತಿದ್ದರು. ಕುಸ್ತಿ ಕಲಿಸುವ ಗುರುವಿಗೆ ನಮ್ಮ ಕಡೆ ವಸ್ತಾದರು ಅನ್ನುತ್ತಾರೆ. ಸಣ್ಣ ನೀಲಾ ಇಲ್ಲಿಗೆ ಬಂದಾಗ, ಹೆಣ್ಣು ಹುಡುಗಿ ಗರಡಿಗಿಳಿಯುವುದೇ ಎಂದು ಓಣಿಯವರು ಗೊಣಗಿದ್ದರು. "ಮಣ್ಣು ಏನರ ಕೇಳಿತೇನ್ರಿ ನಿಮ್ಮನ್ನ?" ಎಂದು ಅವರ ಬಾಯಿ ಮುಚ್ಚಿಸಿದವರು ಇವರೇ. ಈಗ ಪೊರಕೆ ಗೋಡೆಗೆ ಒರಗಿಸಿ ಅವಳನ್ನು ನೋಡಿದರು. ಸೋತದ್ದು ಗೊತ್ತಿತ್ತು. ಅದರ ಮಾತು ತೆಗೆಯಲಿಲ್ಲ.

"ಮಣ್ಣಿಗೆ ನಿನ್ನೆ ಎಣ್ಣಿ, ಮಜ್ಜಿಗಿ ಹಾಕೀನಿ. ಮೆತ್ತಗಾಗೇತಿ. ಬಾ," ಅಂದರು.

ನೀಲಾ ಬಾಗಿಲ ಕಟ್ಟೆಯ ಮೇಲೆ ಕೂತಳು. ಉಗುರಿನಿಂದ ಟೇಪಿನ ತುದಿ ಹುಡುಕಿ ಎಳೆದಳು, ಅದು ಸರ್ರನೆ ಬಂತು. ದಾರ ಬಿಚ್ಚಿದಳು. ಎರಡೂ ಬೂಟು ಕಳಚಿ, ಹೊಸ್ತಿಲ ಹೊರಗೆ ಜೋಡಿಸಿಟ್ಟಳು. ಇಟ್ಟು, ಅವುಗಳನ್ನೇ ನೋಡುತ್ತ ಕೂತಳು. ಬಿಷ್ಕೆಕ್ಕಿನಲ್ಲಿ ಬೂಟು ಬಿಟ್ಟವರು ಹೊರಗೆ ನಡೆದಿದ್ದರು. ಇಲ್ಲಿ ಬೂಟು ಬಿಡುವುದು ಒಳಗೆ ಹೋಗಲಿಕ್ಕೆ. ಇದು ನನಗೆ ಹೊಳೆದದ್ದು ಆಗಲೇ, ಆದರೆ ಹೇಳಲಿಲ್ಲ. ಅವಳಿಗೆ ನನಗಿಂತ ಮೊದಲೇ ತಿಳಿದಿರಬೇಕು.

ಅವಳು ತಲೆ ಬಾಗಿಸಿ ಒಳಗಿಳಿದಳು. ಬಗ್ಗಿ ಒಂದು ಚಿಟಿಕೆ ಕೆಂಪು ಮಣ್ಣು ತೆಗೆದು ಹಣೆಗೆ ಹಚ್ಚಿಕೊಂಡಳು. ಒಳಗೆ ಮೂಲೆಯಲ್ಲಿ ಇಬ್ಬರು ಸಣ್ಣ ಹುಡುಗಿಯರು ಬೈಠಕ್ ಹೊಡೆಯುತ್ತಿದ್ದವರು ನಿಂತು ನೋಡಿದರು.

"ಏ, ಮೊಣಕಾಲ ಹಂಗ ಒಳಗ ಹೋಗಬಾರದು," ಎಂದು ನೀಲಾ ಅವರ ಕಡೆ ನಡೆದಳು. ಹೋಗುತ್ತ, ಹಿಂದಿರುಗಿ ನೋಡದೆ ನನಗೆ ಹೇಳಿದಳು: "ಚಿಗವ್ವಾ, ಮನಿಗೆ ಹೋಗಿ ಅವ್ವಗ ಹೇಳು. ಹೂಂ ಅಂದಾಳಂತ."

ನನಗೆ ತಕ್ಷಣ ಓಡಬೇಕಿತ್ತು. ಅಕ್ಕ ಇನ್ನೂ ಹಾಸಿಗೆಯಲ್ಲಿ ಕೂತೇ ಇರುತ್ತಾಳೆಂದು ಗೊತ್ತು. ಆದರೆ ಓಣಿಯಲ್ಲಿ ಜನ ತಿರುಗಾಡಲು ಶುರುವಾಗಿತ್ತು, ಬೂಟು ಹೊಸ್ತಿಲ ಹೊರಗಿದ್ದವು, ಒಳ್ಳೆಯ ಬೂಟು, ಯಾರ ಕಣ್ಣಿಗಾದರೂ ಬೀಳಬಹುದು. ಎತ್ತಿಕೊಳ್ಳಲು ಬಗ್ಗಿದೆ. ಕೈ ಅಲ್ಲೇ ನಿಂತಿತು.

ಫೋನ್ ತೆಗೆದು ಅಕ್ಕನಿಗೆ ಅಲ್ಲಿಂದಲೇ ಹೇಳಿದೆ. ಆಮೇಲೆ ಕಟ್ಟೆಯ ಮೇಲೆ, ಬೂಟುಗಳ ಮಗ್ಗುಲಿಗೆ, ಅವಳು ಹೊರಗೆ ಬರುವ ತನಕ ಕೂತಿದ್ದೆ.